ತುಳುವರ ಆಟಿ ತಿಂಗಳ ಮಳೆಯಲ್ಲಿ ಹಟ್ಟಿಯನ್ನು ಒಣಗಿಸಿಟ್ಟುಕೊಳ್ಳುವುದು: ನನ್ನ ಅನುಭವ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಸುಮಾರು 4,000 ಮಿ.ಮೀ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಪೆರ್ಡೂರಿನ ಬಳಿಯ ನಮ್ಮ ಹಟ್ಟಿಯಲ್ಲಿ, ಅಂದರೆ ದನ ಕಟ್ಟುವ ಮನೆಯಲ್ಲಿ, ಜೆರ್ಸಿ ಮಿಶ್ರತಳಿಯ ಹಸುಗಳೂ ನಾಡತಳಿಯ ಮಲೆನಾಡು ಗಿಡ್ಡಗಳೂ ಇವೆ. ಇವುಗಳ ಜೊತೆ ಮಳೆಗಾಲ ಕಳೆಯುತ್ತಾ ನನಗೆ ಮನವರಿಕೆಯಾದದ್ದೇನೆಂದರೆ, ದನ ಥಂಡಿ ಗಾಳಿಯನ್ನು ಸಹಿಸೀತು, ಒದ್ದೆ ನೆಲದ ಮೇಲೆ ರಾತ್ರಿಯಿಡೀ ಮಲಗುವುದನ್ನು ಸಹಿಸದು.

ಆದ್ದರಿಂದ ಹೆಚ್ಚಿನ ಕೆಲಸವನ್ನು ಮೇ ತಿಂಗಳಲ್ಲೇ ಮುಗಿಸುತ್ತೇನೆ. ಇರಿಚಲು ಹೊಡೆಯುವ ಪಡುವಣ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತೇನೆ. ಆದರೆ ಮಾಡಿನ (ಸೂರಿನ) ಕೆಳಗೆ ಗಾಳಿಯಾಡಲು ಜಾಗ ಬಿಡಲೇಬೇಕು, ಇಲ್ಲವಾದರೆ ಗಂಜಲದ ಘಾಟು ಒಳಗೇ ನಿಂತು ಕರುಗಳಿಗೆ ಕೆಮ್ಮು ಬರುತ್ತದೆ. ಬೇಸಿಗೆಯಲ್ಲಿ ಗುಡಿಸಿ ಕೊಟ್ಟಿಗೆಯಲ್ಲಿ ತುಂಬಿಟ್ಟ ತರಗೆಲೆಯನ್ನು ದಿನವೂ ಹಾಸಿ, ಒದ್ದೆಯಾದುದನ್ನು ಅಂದಂದೇ ಗೊಬ್ಬರದ ಗುಂಡಿಗೆ ಹಾಕುತ್ತೇನೆ. ದನಗಳಿಗೆ ಬರುವ ಗಳಲೆ ರೋಗ (ಗಂಟಲು ಬೇನೆ) ಮತ್ತು ಚಪ್ಪೆ ಬೇನೆಯ ಲಸಿಕೆಯೂ ಮಳೆ ಹಿಡಿಯುವ ಮೊದಲೇ ಆಗಿರುತ್ತದೆ.

ಮೇವಿನ ವಿಷಯದಲ್ಲಿ ಹಸಿರು ಕಂಡು ಮೋಸ ಹೋಗಬಾರದು. ಮಳೆಗಾಲದ ಎಳೆ ಹುಲ್ಲಿನಲ್ಲಿ ಶೇ. 80ರಷ್ಟು ನೀರೇ ಇರುವುದರಿಂದ ಹೊಟ್ಟೆ ತುಂಬಿದರೂ ಬೇಕಾದಷ್ಟು ಒಣ ಅಂಶ ಸಿಗುವುದಿಲ್ಲ. ಸಗಣಿ ತೆಳ್ಳಗಾಗಿ, ಹಾಲಿನ ಕೊಬ್ಬಿನ ಅಂಶ ಇಳಿಯುತ್ತದೆ. ಬೆಳಿಗ್ಗೆ ಮೊದಲು ಬೈಹುಲ್ಲು ಅಥವಾ ಬೇಸಿಗೆಯಲ್ಲಿ ಒಣಗಿಸಿಟ್ಟ ಅಡಿಕೆ ಹಾಳೆಯ ಚೂರನ್ನು ಹಾಕಿ, ಆಮೇಲೆ ಹಸಿಹುಲ್ಲು ಕೊಡುವುದು ನನ್ನ ಕ್ರಮ. ಬೂಷ್ಟು ಹಿಡಿದ ಬೈಹುಲ್ಲನ್ನೂ ಹಿಂಡಿಯನ್ನೂ ನಷ್ಟವಾದರೂ ಎಸೆಯುತ್ತೇನೆ, ಏಕೆಂದರೆ ಆ ಶಿಲೀಂಧ್ರದ ಅಫ್ಲಾಟಾಕ್ಸಿನ್ ಎಂಬ ವಿಷ ಹಾಲಿಗೂ ಇಳಿಯುತ್ತದೆ, ಆ ಹಾಲನ್ನು ಕುಡಿಯುವವರು ಮಕ್ಕಳು. ಹಿಂಡಿಯ ಚೀಲ ಗೋಡೆಗೆ ತಾಗದಂತೆ ಹಲಗೆಯ ಮೇಲಿರುತ್ತದೆ. ನೀರು ನಿಂತ ಗದ್ದೆಬದಿಯಲ್ಲಿ ಮೇಯಲು ಬಿಡುವುದಿಲ್ಲ. ಅಲ್ಲಿನ ಬಸವನಹುಳುಗಳ ಮೂಲಕ ಪಿತ್ತಜನಕಾಂಗದ (ಲಿವರ್) ಹುಳದ ಬಾಧೆ ಹರಡುತ್ತದೆ.

ಕೆಚ್ಚಲು ಬಾವಿನ ಭಯ ಈ ತಿಂಗಳುಗಳಲ್ಲೇ ಹೆಚ್ಚು. ಹಾಲು ಕರೆದ ಮೇಲೆ ಮೊಲೆಯ ರಂಧ್ರ ಪೂರ್ತಿ ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಹಸು ಮಲಗದಿರಲೆಂದು ಕರೆದ ಕೂಡಲೇ ಎದುರಿಗೆ ಹುಲ್ಲು ಹಾಕುತ್ತೇನೆ. ಇಷ್ಟು ಸುಲಭದ, ಕಾಸು ಖರ್ಚಿಲ್ಲದ ಈ ಕ್ರಮವನ್ನು ಪ್ರತಿಯೊಬ್ಬ ಹೈನುಗಾರರೂ ಪಾಲಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಗೊರಸು ಕೊಳೆಯುವ ಲಕ್ಷಣ ಕಂಡರೆ, ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತವನ್ನೇ (ತಾಮ್ರದ ಸಲ್ಫೇಟ್) ಲೀಟರಿಗೆ 50 ಗ್ರಾಂನಂತೆ ಕರಗಿಸಿ, ಆ ನೀರಿನಲ್ಲಿ ಕಾಲು ಅದ್ದಿಸುತ್ತೇನೆ. ದನ ಅದನ್ನು ಕುಡಿಯದಂತೆ ನೋಡಿಕೊಳ್ಳಬೇಕು.

ಮಳೆಯ ನಡುವೆ ಹುಟ್ಟಿದ ಕರುವನ್ನು ಒಣ ಗೋಣಿಯಿಂದ ಚೆನ್ನಾಗಿ ಉಜ್ಜಿ, ಮೊದಲ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸುತ್ತೇನೆ. ಮಲಗಲು ಅದಕ್ಕೆ ನೆಲದಿಂದ ಎತ್ತರಿಸಿದ ಅಡಿಕೆ ಸಲಾಕೆಯ ಅಟ್ಟವಿದ್ದು, ಅದರ ಮೇಲಿನ ಬೈಹುಲ್ಲನ್ನು ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಬದಲಿಸುತ್ತೇನೆ.