ಆರನೇ ವಾರಕ್ಕೆ ಎತ್ತುವ ತೂಬು

"ತೂಬಾ ಸಾಮಿ?" ಎಂದು ಆ ಹಿರಿಯರು ಎರಡು ಸಲ ಕೇಳಿದರು. ಕಣ್ಣೊಳಗೆ ಟ್ಯೂಬ್ ಕೂರಿಸಬೇಕು ಎಂದು ನಾನು ಹೇಳಿದ್ದು ಅವರ ಕಿವಿಗೆ ತೂಬು ಎಂದು ಬಿದ್ದಿತ್ತು. ಕೋಲಾರದ ಕಡೆಯವರು, ತಲೆಮಾರುಗಳಿಂದ ಊರ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಕೆಲಸ ಮಾಡಿಕೊಂಡು ಬಂದ ಮನೆತನ. ನಾನು ತಿದ್ದಲು ಹೋಗಲಿಲ್ಲ. ಗ್ಲಾಕೋಮಾದಲ್ಲಿ ಆಗುವುದೂ ಅದೇ. ಕಣ್ಣೊಳಗೆ ನೀರು ಊರುತ್ತಲೇ ಇರುತ್ತದೆ, ಹೊರಹೋಗುವ ದಾರಿ ಕಟ್ಟಿಕೊಂಡಿರುತ್ತದೆ, ಒತ್ತಡ ಏರಿ ದೃಷ್ಟಿನರ ಸಾಯುತ್ತದೆ. ಅವತ್ತಿನಿಂದ ನನ್ನ ರೋಗಿಗಳಿಗೆಲ್ಲ ಈ ಶಸ್ತ್ರಚಿಕಿತ್ಸೆಯನ್ನು ತೂಬು ಎಂದೇ ವಿವರಿಸುತ್ತೇನೆ.

ಅವರ ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣಿಗೆ ಹಿಂದೆ ಟ್ರಾಬೆಕ್ಯುಲೆಕ್ಟಮಿ, ಅಂದರೆ ಕಣ್ಣಿನ ಗೋಡೆಯಲ್ಲಿ ಕಿಂಡಿ ತೆರೆಯುವ ಶಸ್ತ್ರಚಿಕಿತ್ಸೆ, ಮಾಡಿ ಬಿಡಿಸಿದ್ದ ದಾರಿ ಗಾಯದ ಕಲೆ ಬೆಳೆದು ಮುಚ್ಚಿಕೊಂಡಿತ್ತು. ನಾಲ್ಕು ಬಗೆಯ ಹನಿ ಹಾಕಿದರೂ ಒತ್ತಡ 34, ಸಾಮಾನ್ಯವಾಗಿ ಇರಬೇಕಾದದ್ದು 21ರೊಳಗೆ. ಹೀಗೆ ಒಮ್ಮೆ ಸೋತ ಕಣ್ಣಿನಲ್ಲಿ ಮತ್ತದೇ ಶಸ್ತ್ರಚಿಕಿತ್ಸೆಗೆ ಕೈಹಾಕುವುದಕ್ಕಿಂತ ಟ್ಯೂಬ್ ಇಡುವುದೇ ಲೇಸು ಎಂಬುದು ನನ್ನ ನಿಲುವು. ಮೊದಲೇ ಶಸ್ತ್ರಚಿಕಿತ್ಸೆಯಾಗಿದ್ದ 212 ಕಣ್ಣುಗಳಲ್ಲಿ ಇವೆರಡನ್ನೂ ಹೋಲಿಸಿ ನೋಡಿದ ಟಿವಿಟಿ (ಟ್ಯೂಬ್ ವರ್ಸಸ್ ಟ್ರಾಬೆಕ್ಯುಲೆಕ್ಟಮಿ) ಅಧ್ಯಯನದಲ್ಲಿ, ಐದು ವರ್ಷಕ್ಕೆ ಸೋತ ಟ್ಯೂಬ್‌ಗಳು ಶೇಕಡಾ 29.8, ಸೋತ ಟ್ರಾಬೆಕ್ಯುಲೆಕ್ಟಮಿಗಳು ಶೇಕಡಾ 46.9.

ನಾನು ಹೆಚ್ಚಾಗಿ ಬಳಸುವುದು ಮದುರೆಯ ಅರೋಲ್ಯಾಬ್ 2013ರಲ್ಲಿ ತಂದ ಆಡಿ (ಅರೋಲ್ಯಾಬ್ ಆಕ್ವಿಯಸ್ ಡ್ರೈನೇಜ್ ಇಂಪ್ಲಾಂಟ್). ಬೇರ್‌ವೆಲ್ಟ್ ಎಂಬ ಹಳೆಯ ಇಂಪ್ಲಾಂಟಿನ ಮಾದರಿಯದು, 350 ಚದರ ಮಿಲಿಮೀಟರಿನ ಸಿಲಿಕೋನ್ ಪ್ಲೇಟು, ಅದಕ್ಕೊಂದು ಸಣ್ಣ ಕೊಳವೆ. ಕಣ್ಣೊಳಗಿನ ನೀರನ್ನು ಕೊಳವೆ ಕಣ್ಣಿನ ಹೊರಗೋಡೆಯ ಮೇಲೆ ಕೂರುವ ಪ್ಲೇಟಿಗೆ ಒಯ್ಯುತ್ತದೆ. ಬೆಲೆ ನಮ್ಮ ಜನರ ಕೈಗೆಟುಕುವಂಥದ್ದು, ಅದೊಂದರಿಂದಲೇ ಎಷ್ಟೋ ಕಣ್ಣುಗಳು ಉಳಿದಿವೆ. ಅಹ್ಮದ್ ಎಂಬ ಇನ್ನೊಂದು ಇಂಪ್ಲಾಂಟ್‌ನಲ್ಲಿ ಹರಿವನ್ನು ಹಿಡಿತದಲ್ಲಿಡುವ ವಾಲ್ವ್ ಇದೆ, ಹಾಕಿದ ದಿನವೇ ನೀರು ಹರಿಯುತ್ತದೆ. ಸಕ್ಕರೆ ಕಾಯಿಲೆಯಿಂದ ಕಣ್ಣೊಳಗೆ ಹೊಸ ರಕ್ತನಾಳ ಬೆಳೆದು ಒತ್ತಡ 50 ದಾಟಿದವರಿಗೆ ಕಾಯುವಷ್ಟು ಸಮಯವಿಲ್ಲ, ಅವರಿಗೆ ಅದೇ ಸರಿ. ಆದರೆ ಅದನ್ನು ಹಾಕುವ ಮೊದಲು ಕೊಳವೆಯೊಳಗೆ ಸಲೈನ್ ನುಗ್ಗಿಸಿ, ಅಂಟಿಕೊಂಡಿರುವ ವಾಲ್ವ್‌ನ ಪದರಗಳನ್ನು ಬಿಡಿಸಿಕೊಳ್ಳಲೇಬೇಕು. ಮರೆತರೆ ಹಾಕಿಯೂ ಹಾಕದಂತೆ.

ಆಡಿಯಲ್ಲಿ ವಾಲ್ವ್ ಇಲ್ಲ. ಹಾಗೇ ಬಿಟ್ಟರೆ ಮೊದಲ ರಾತ್ರಿಯೇ ಕಣ್ಣು ಬಸಿದುಹೋಗುತ್ತದೆ. ಪ್ಲೇಟಿನ ಸುತ್ತ ದೇಹವೇ ಒಂದು ಪೊರೆ ಕಟ್ಟಬೇಕು, ನೀರಿಗೆ ತಡೆ ಒಡ್ಡುವುದು ಆ ಪೊರೆ. ಅದು ಕಟ್ಟಿಕೊಳ್ಳುವವರೆಗೆ ಕೊಳವೆಯನ್ನು ತಾನಾಗಿ ಕರಗುವ 6-0 ವೈಕ್ರಿಲ್ ದಾರದಿಂದ ಬಿಗಿದಿರುತ್ತೇವೆ. ದಾರ ಸಡಿಲವಾಗಲು ಸುಮಾರು ಐದಾರು ವಾರ.

ಈ ಗಂಟಿನ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಕಲಿಯುತ್ತಿದ್ದ ದಿನಗಳಲ್ಲಿ ಒಬ್ಬ ತಾಯಿಯ ಕಣ್ಣಿಗೆ ಟ್ಯೂಬ್ ಹಾಕುವಾಗ ಗಂಟು ಬಿಗಿಯಾಗಿದೆ ಎಂದು ಕಣ್ಣಳತೆಯಲ್ಲೇ ನಂಬಿದೆ. ಮರುದಿನ ಬೆಳಿಗ್ಗೆ ಒತ್ತಡ 3, ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಹಿಂಬದಿಗೆ ಕಣ್ಣಿನ ಬಣ್ಣದ ಭಾಗವಾದ ಐರಿಸ್ ಬಂದು ಮುಟ್ಟಿತ್ತು, ರಕ್ತನಾಳಗಳ ಒಳಪದರವಾದ ಕೋರಾಯ್ಡ್ ಹಿಂದೆ ನೀರು ತುಂಬಿ ಉಬ್ಬಿತ್ತು. ಮತ್ತೆ ಆಪರೇಷನ್ ಕೋಣೆಗೆ ಕರೆದೊಯ್ದು ಗಂಟು ಬಿಗಿದೆ. ಕಣ್ಣು ಉಳಿಯಿತು. ಆದರೆ "ನಿನ್ನೆ ಕಾಣ್ತಿದ್ದಷ್ಟೂ ಇವತ್ತು ಕಾಣ್ತಿಲ್ಲ ಕಣಪ್ಪಾ" ಎಂದ ಅವರ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಅಂದಿನಿಂದ ಪ್ಲೇಟನ್ನು ಕಣ್ಣಿನ ಹತ್ತಿರ ತರುವ ಮೊದಲೇ ಗಂಟು ಹಾಕಿ, ಕೊಳವೆಯ ಬಾಯಿಗೆ ಕ್ಯಾನ್ಯುಲಾ (ಮೊಂಡು ಸೂಜಿ) ಇಟ್ಟು ಸಲೈನ್ ಒತ್ತಿ ನೋಡುತ್ತೇನೆ. ಪ್ಲೇಟಿನ ಕಡೆ ಒಂದು ಹನಿ ಜಿನುಗಿದರೂ ಗಂಟು ಬಿಚ್ಚಿ ಹೊಸದಾಗಿ ಹಾಕುತ್ತೇನೆ.

ಜಾಗ ಕಣ್ಣಿನ ಮೇಲು ಹೊರಮೂಲೆ. ಅಲ್ಲಿ ಬಿಳಿಗುಡ್ಡೆಯ ಮೇಲಿನ ತೆಳು ಹೊದಿಕೆಯಾದ ಕಂಜಂಕ್ಟೈವಾವನ್ನು ಕಾರ್ನಿಯಾ ಅಂಚಿನಿಂದ ಬಿಡಿಸಿ, ಕಣ್ಣನ್ನು ತಿರುಗಿಸುವ ಮೇಲಿನ ಮತ್ತು ಹೊರಬದಿಯ ರೆಕ್ಟಸ್ ಸ್ನಾಯುಗಳನ್ನು ಹುಕ್‌ನಿಂದ ಹಿಡಿದು, ಪ್ಲೇಟಿನ ಎರಡು ರೆಕ್ಕೆಗಳನ್ನು ಅವುಗಳ ಅಡಿಗೆ ಜಾರಿಸುತ್ತೇನೆ. ಸ್ನಾಯುವನ್ನು ಪೂರ್ತಿ ಹಿಡಿದಿದ್ದೇನೆಯೇ ಎಂದು ನೋಡಿಕೊಳ್ಳಬೇಕು. ಅರ್ಧ ಹಿಡಿದರೆ ರೆಕ್ಕೆ ಸ್ನಾಯುವಿನ ಎಳೆಗಳ ನಡುವೆ ಸಿಕ್ಕಿ, ಮುಂದೆ ಒಂದು ವಸ್ತು ಎರಡಾಗಿ ಕಾಣುವ ತೊಂದರೆ ಬರಬಹುದು. ಕಾರ್ನಿಯಾ ಅಂಚಿನಿಂದ 9 ಮಿಲಿಮೀಟರ್ ಹಿಂದಕ್ಕೆ, ಕರಗದ ದಾರದಲ್ಲಿ ಸ್ಕ್ಲೀರಾಗೆ, ಅಂದರೆ ಬಿಳಿಗುಡ್ಡೆಗೆ, ಎರಡು ಹೊಲಿಗೆ ಹಾಕುತ್ತೇನೆ.

ಕೊಳವೆ ಒಳಹೋಗುವ ದಾರಿಗೆ 23 ಗೇಜ್ ಸೂಜಿ. ಅದರ ದಪ್ಪವೂ ಕೊಳವೆಯ ದಪ್ಪವೂ ಹತ್ತಿರ ಹತ್ತಿರ ಒಂದೇ, ಹಾಗಾಗಿ ಪಕ್ಕದಲ್ಲಿ ಸೋರುವುದಿಲ್ಲ. ಸೂಜಿ ಐರಿಸ್‌ಗೆ ಸಮಾನಾಂತರವಾಗಿ ಹೋಗಬೇಕು. ತುಸು ಮೇಲಕ್ಕೆ ತಿರುಗಿದರೆ ಕೊಳವೆ ಕಾರ್ನಿಯಾದ ಬೆನ್ನು ಉಜ್ಜುತ್ತದೆ, ಅಲ್ಲಿನ ಎಂಡೋಥೀಲಿಯಂ ಕೋಶಗಳು ಸವೆದರೆ ಮತ್ತೆ ಹುಟ್ಟುವುದಿಲ್ಲ, ವರ್ಷಗಳ ಮೇಲೆ ಕಾರ್ನಿಯಾ ಮಬ್ಬಾಗುತ್ತದೆ. ಕೋನ ಸರಿಬರದಿದ್ದರೆ ಸೂಜಿಯನ್ನು ಹೊರತೆಗೆದು ಬೇರೆ ಕಡೆ ಚುಚ್ಚುತ್ತೇನೆ. ಈ ಐದು ನಿಮಿಷಕ್ಕೆ ಜಿಪುಣತನ ಕೂಡದು ಎಂದು ನನ್ನ ಜೊತೆ ಕಲಿಯುವವರಿಗೆ ಹೇಳುತ್ತಲೇ ಇರುತ್ತೇನೆ. ಕಣ್ಣಿನ ಪೊರೆಯ (ಕ್ಯಾಟರಾಕ್ಟ್) ಆಪರೇಷನ್ ಆಗಿ ಕೃತಕ ಮಸೂರ ಇರುವವರಲ್ಲಿ ಕೊಳವೆಯನ್ನು ಐರಿಸ್‌ನ ಹಿಂದೆಯೇ ಇಡುವುದು ನನಗೆ ಇಷ್ಟ, ಕಾರ್ನಿಯಾದಿಂದ ಆದಷ್ಟು ದೂರ. ಈ ಹಿರಿಯರಿಗೂ ಹಾಗೇ ಮಾಡಿದೆ.

ದಾರ ಕರಗುವವರೆಗಿನ ವಾರಗಳಲ್ಲಿ ಒತ್ತಡ ಮೇಲೇ ಇರಬಾರದಲ್ಲ? ಅದಕ್ಕಾಗಿ ಗಂಟಿನ ಮುಂದಿನ ಭಾಗದಲ್ಲಿ ಹೊಲಿಗೆ ಸೂಜಿಯಿಂದಲೇ ಕೊಳವೆಗೆ ಎರಡು ಮೂರು ಸೀಳು ಕೊಡುತ್ತೇನೆ. ಒತ್ತಡ ಮಿತಿಮೀರಿದರೆ ಅಲ್ಲಿಂದ ಸ್ವಲ್ಪ ಸ್ವಲ್ಪ ಜಿನುಗುತ್ತದೆ. ಆಮೇಲೆ ಕೊಳವೆಯ ಮೇಲೆ ನೇತ್ರಭಂಡಾರದಿಂದ ಬಂದ ಸ್ಕ್ಲೀರಾದ ಚೂರು ಹೊದಿಸಿ, ಕಂಜಂಕ್ಟೈವಾ ಎಳೆದು ಮುಚ್ಚುತ್ತೇನೆ. ದಾನವಾಗಿ ಬಂದ ಒಂದು ಕಣ್ಣಿನ ಕಾರ್ನಿಯಾ ಒಬ್ಬರ ದೃಷ್ಟಿಗೆ ಹೋದರೆ, ಅದರ ಬಿಳಿಗುಡ್ಡೆ ನಮ್ಮ ಟ್ಯೂಬ್‌ಗಳಿಗೆ ಹೊದಿಕೆಯಾಗುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಈ ಹೊದಿಕೆ ಸವೆದು ಕೊಳವೆ ಹೊರಗೆ ಕಂಡರೆ ಸೋಂಕು ನೇರ ಕಣ್ಣೊಳಕ್ಕೆ ಇಳಿಯಬಹುದು.

ರೋಗಿ ಮನೆಗೆ ಹೋದ ಮೇಲೂ ನನ್ನ ಚಿಂತೆ ಮುಗಿಯುವುದಿಲ್ಲ. ದಾರ ಬಿಚ್ಚಿಕೊಳ್ಳುವ ದಿನ ಒತ್ತಡ ಒಮ್ಮೆಲೇ ಇಳಿಯುತ್ತದೆ, ಆಗಲೇ ಕಣ್ಣೊಳಗೆ ರಕ್ತಸ್ರಾವವಾಗುವ ಭಯವೂ ಹೆಚ್ಚು. ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಮೊದಲ ವಾರ ತಪ್ಪದೆ ಬಂದವರೂ ಐದನೇ ವಾರದ ಹೊತ್ತಿಗೆ ನೋವಿಲ್ಲ, ಕೆಂಪಿಲ್ಲ ಎಂದು ಊರಲ್ಲೇ ಉಳಿದುಬಿಡುತ್ತಾರೆ. ಈ ಹಿರಿಯರ ಚೀಟಿಯಲ್ಲಿ ದಿನಾಂಕ ಬರೆದು, ಅವರ ಸೊಸೆಯನ್ನೂ ಕೂರಿಸಿಕೊಂಡು ಹೇಳಿದೆ. ಈ ವಾರದಲ್ಲಿ ಭಾರ ಎತ್ತಬೇಡಿ, ತಿಣುಕಬೇಡಿ, ಇದ್ದಕ್ಕಿದ್ದಂತೆ ಕಣ್ಣು ಸಿಡಿಯುವಂಥ ನೋವು ಬಂದರೆ ರಾತ್ರಿಯಾದರೂ ಹೊರಟು ಬನ್ನಿ.

"ಹೊಸಾ ತೂಬು ಎತ್ತೋವಾಗ ನಾವೂ ಕೆರೆ ಏರಿ ಮೇಲೇ ಮಲಗ್ತಿದ್ವಿ ಸಾಮಿ," ಎಂದರು.

38ನೇ ದಿನ ಬಂದರು. ಒತ್ತಡ 22, ಗಂಟು ಇನ್ನೂ ಹಿಡಿದಿತ್ತು. ಮೂರು ದಿನ ಬಿಟ್ಟು ಮತ್ತೆ ಬರಹೇಳಿದೆ, ಗೊಣಗದೆ ಬಂದರು. ಅವತ್ತು 11. ಕಾರ್ನಿಯಾಕ್ಕೂ ಐರಿಸ್‌ಗೂ ನಡುವಿನ ಜಾಗದ ಆಳ ಚೆನ್ನಾಗಿತ್ತು, ಕೋರಾಯ್ಡ್ ಸಮನಾಗಿತ್ತು. ಒತ್ತಡದ ಹನಿಗಳನ್ನೆಲ್ಲ ಅಲ್ಲೇ ನಿಲ್ಲಿಸಿ, ಸ್ಟೀರಾಯ್ಡ್ ಹನಿಯೊಂದನ್ನು ಮಾತ್ರ ಮುಂದುವರಿಸಿದೆ.

"ಎತ್ತಿತಾ?" ಎಂದು ಕೇಳಿದರು.

ಎತ್ತಿತು ಎಂದೆ.