ಕೋಲಾರ ಜಿಲ್ಲೆಯಲ್ಲಿ ಮನಸ್ಸಿನ ಸಂಕಟಕ್ಕೆ ಸಹಾಯ: ಎಲ್ಲಿ ಕೇಳಬೇಕು, ಹೇಗೆ ಕೇಳಬೇಕು

ಕೋಲಾರ ಜಿಲ್ಲೆಯಲ್ಲಿ ಮನಸ್ಸಿನ ಕಾಯಿಲೆಗೆ ಸರ್ಕಾರಿ ಚಿಕಿತ್ಸೆ ಇಲ್ಲ ಅನ್ನುವುದು ತಪ್ಪು. ಉಚಿತ ಸಹಾಯವಾಣಿ ಇದೆ, ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಬಡವರ ಪರವಾಗಿ ಒಳ್ಳೆಯ ಕಾನೂನೂ ಇದೆ. ಆದರೂ ದಲಿತ ಕೇರಿಯವರು, ಕೆಜಿಎಫ್‌ನ ಗಣಿ ಕಾಲೊನಿಯವರು, ಅಲೆಮಾರಿಗಳು, ಪೌರಕಾರ್ಮಿಕರು, ಲಿಂಗತ್ವ ಅಲ್ಪಸಂಖ್ಯಾತರು, ನರಸಾಪುರದ ಫ್ಯಾಕ್ಟರಿಗಳಲ್ಲಿ ದುಡಿಯುವ ಹೊರಗಿನ ಹುಡುಗಿಯರು ಹೇಗೋ ಒಂದು ಸಲ ಹೋಗಿ, ಎರಡನೇ ಸಲ ಹೋಗದೆ ಉಳಿದುಬಿಡುತ್ತಾರೆ. ಒಂದು ದಿನದ ಕೂಲಿ ಹೋಗುತ್ತದೆ, ಡಾಕ್ಟರ ಭಾಷೆ ತಿಳಿಯುವುದಿಲ್ಲ, ಚೀಟಿ ಕೊಡುವ ಕಿಟಕಿಯಲ್ಲೇ ಯಾರೋ ಹಗುರವಾಗಿ ಮಾತಾಡುತ್ತಾರೆ. ಅದಕ್ಕೇ ಇಲ್ಲಿ ಹೇಳಿರುವುದೆಲ್ಲ ಎರಡನೇ ಭೇಟಿ ತಪ್ಪದಂತೆ ನೋಡಿಕೊಳ್ಳುವ ದಾರಿಗಳು.

ಪ್ರಾಣಕ್ಕೇ ಅಪಾಯ ಇದ್ದರೆ

"ನಾನಿದ್ದೇನು ಪ್ರಯೋಜನ", "ಎಲ್ಲಾ ಮುಗಿಸಿಬಿಡ್ತೀನಿ" ಎಂಬ ಮಾತು ಬಂದರೆ ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಿದೆಯಾ?" ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಜನಕ್ಕೆ ಅದನ್ನು ಬಾಯಿಬಿಟ್ಟು ಹೇಳಲು ಸಿಗುವ ಮೊದಲ ಅವಕಾಶವೇ ಅದು. ಹೌದು ಎಂದರೆ ಬುದ್ಧಿ ಹೇಳಲು ಹೋಗಬೇಡಿ, ಮಕ್ಕಳ ಮುಖ ನೋಡು ಎನ್ನಬೇಡಿ. ಒಬ್ಬರನ್ನೇ ಬಿಡದೆ ಪಕ್ಕದಲ್ಲಿರಿ. ಟೊಮೆಟೊ ತೋಟ, ರೇಷ್ಮೆ ಇರುವ ಮನೆಗಳಲ್ಲಿ ಬೆಳೆಗೆ ಹೊಡೆಯುವ ಔಷಧಿಯ ಡಬ್ಬ ಕೈಗೆಟುಕುವಂತೆಯೇ ಇರುತ್ತದೆ. ಅದನ್ನೂ ಮನೆಯಲ್ಲಿರುವ ಮಾತ್ರೆಗಳನ್ನೂ ಆ ಹೊತ್ತಿಗೇ ಬೇರೆ ಮನೆಗೆ ಸಾಗಿಸಿ. ಸಾಯಬೇಕೆಂಬ ತೀವ್ರ ಒತ್ತಡ ಬಹಳ ಸಲ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ವಿಷ ಕುಡಿದಿದ್ದರೆ 108ಕ್ಕೆ ಕರೆ ಮಾಡಿ. ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿ ಶ್ವಾಸಕೋಶಕ್ಕೆ ಇಳಿದರೆ ವಿಷಕ್ಕಿಂತ ಬೇಗ ಅಪಾಯ ತರಬಹುದು. ಎಡಮಗ್ಗುಲಿಗೆ ಮಲಗಿಸಿ, ಔಷಧಿ ಚೆಲ್ಲಿದ ಬಟ್ಟೆ ತೆಗೆದು ಮೈ ತೊಳೆಯಿರಿ, ಡಬ್ಬವನ್ನೋ ಅದರ ಚೀಟಿಯನ್ನೋ ತಪ್ಪದೆ ಜೊತೆಗೆ ಒಯ್ಯಿರಿ. ನೋಡಲು ಚೆನ್ನಾಗಿದ್ದಾರೆ ಅಂತ ಕಾಯಬಾರದು, ಕೆಲವು ವಿಷ ಗಂಟೆಗಳ ನಂತರ ಕೆಲಸ ಮಾಡುತ್ತವೆ.

ಪೊಲೀಸ್ ಕೇಸಾಗುತ್ತದೆ ಎಂಬ ಹೆದರಿಕೆಯಿಂದ ಆಸ್ಪತ್ರೆಗೆ ಹೋಗದೆ ಜೀವ ಕಳೆದುಕೊಳ್ಳುವುದು ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅದಕ್ಕಾಗಿ ವಿಚಾರಣೆ ನಡೆಸಿ ಶಿಕ್ಷಿಸುವಂತಿಲ್ಲ. ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂಬ ದಾಖಲೆ) ಬರೆದು ಠಾಣೆಗೆ ತಿಳಿಸುವುದು ವಾಡಿಕೆ. ಪೊಲೀಸರು ಬಂದು ಹೇಳಿಕೆ ಪಡೆಯಬಹುದು. ಹಾಗೆಂದು ಅದು ರೋಗಿಯ ಮೇಲಿನ ಕೇಸಲ್ಲ.

14416ಕ್ಕೆ ಕರೆ ಮಾಡುವುದು

ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಹಗಲೂ ರಾತ್ರಿ ಇರುತ್ತದೆ, ಕರೆ ಉಚಿತ. ಇನ್ನೊಂದು ಸಂಖ್ಯೆ 1800 891 4416. ಮೊದಲು ಭಾಷೆ ಕೇಳುತ್ತದೆ. ಕೋಲಾರದವರಿಗೆ ಇದೇ ದೊಡ್ಡ ಅನುಕೂಲ: ಕೆಜಿಎಫ್‌ನವರು ತಮಿಳಿನಲ್ಲಿ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರು ತೆಲುಗಿನಲ್ಲಿ, ಫ್ಯಾಕ್ಟರಿಗೆ ಬಂದ ಹೊರರಾಜ್ಯದವರು ಹಿಂದಿಯಲ್ಲಿ ಮಾತಾಡಬಹುದು. ನೋವನ್ನು ತಾಯಿನುಡಿಯಲ್ಲೇ ಹೇಳಿಕೊಳ್ಳಿ, ಕನ್ನಡ ಬರುತ್ತದೆ ಎಂದು ಹಟಕ್ಕೆ ಬೀಳುವುದು ಬೇಡ.

ಹೆಚ್ಚು ಜನ ಎಡವುವುದು ಮೊದಲ ನಿಮಿಷದಲ್ಲಿ. ಮಾತು ಬರದೆ ಫೋನ್ ಇಟ್ಟುಬಿಡುತ್ತಾರೆ. ಆದ್ದರಿಂದ ಮೂರು ವಾಕ್ಯ ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಿ: ಏನಾಗುತ್ತಿದೆ, ಎಷ್ಟು ದಿನದಿಂದ, ಸಾಯುವ ಯೋಚನೆ ಇದೆಯೋ ಇಲ್ಲವೋ. "ಮೂರು ವಾರದಿಂದ ನಿದ್ದೆ ಇಲ್ಲ, ಕೆಲಸಕ್ಕೆ ಹೋಗೋಕಾಗ್ತಿಲ್ಲ, ಸಾಯೋ ಯೋಚನೆ ಬರ್ತಿದೆ" ಎಂದರೆ ಸಾಕು. ಅಳು ಬಂದರೆ ಅಳಿ, ಆ ಕಡೆಯವರು ಕಾಯುತ್ತಾರೆ.

ಮನೆಯವರೆಲ್ಲ ಒಂದೇ ಫೋನ್ ಬಳಸುವುದಾದರೆ, ಅಥವಾ ಪಿಜಿ ಕೋಣೆಯಲ್ಲಿ ನಾಲ್ಕೈದು ಜನ ಇದ್ದರೆ, ಶುರುವಿನಲ್ಲೇ ಹೇಳಿ: "ಈ ನಂಬರಿಗೆ ವಾಪಸ್ ಕರೆ ಮಾಡಬೇಡಿ" ಅಥವಾ "ಇಂಥ ಹೊತ್ತಿಗೆ ಮಾತ್ರ ಮಾಡಿ". ಮಾತು ಮುಗಿದ ಮೇಲೆ ಕರೆಯ ದಾಖಲೆ ಅಳಿಸಿ. ಫೋನ್ ಇಡುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: "ನಮ್ಮ ಜಿಲ್ಲೆಯಲ್ಲಿ ಯಾವ ಆಸ್ಪತ್ರೆಗೆ, ಯಾವ ದಿನ ಹೋಗಲಿ?" ಇದನ್ನು ಕೇಳದಿದ್ದರೆ ಮನಸ್ಸು ಹಗುರಾಗುತ್ತದೆ, ಚಿಕಿತ್ಸೆ ಮಾತ್ರ ಶುರುವಾಗುವುದಿಲ್ಲ.

ಮಂಗಳವಾರದ ಆಸ್ಪತ್ರೆ

ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಸಿಗುತ್ತದೆ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲೂ ಮಾನಸಿಕ ಆರೋಗ್ಯ ಸೇವೆ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆಗೆ ಆಪ್ತಸಮಾಲೋಚಕರು, ಸಮಾಜ ಕಾರ್ಯಕರ್ತರು ಇರುತ್ತಾರೆ. ಹಬ್ಬ, ರಜೆ, ಶಿಬಿರ ಬಂದರೆ ಡಾಕ್ಟರು ತಪ್ಪುವುದುಂಟು. ಕೂಲಿ ಬಿಟ್ಟು ಹೊರಡುವ ಮುಂಚೆ, ಸೋಮವಾರವೇ ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಿ.

ಅಲ್ಲಿ ಆಗುವ ದೊಡ್ಡ ತಪ್ಪು ಓಪಿ ಚೀಟಿಯಲ್ಲಿ. ನಮ್ಮ ಕಡೆ ಬೇಸರ, ಭಯವನ್ನು ಯಾರೂ ಹಾಗೆಂದು ಹೇಳುವುದಿಲ್ಲ. ಎದೆ ಹಿಡಿಯುತ್ತದೆ, ಕೈಕಾಲು ಜೋಮು, ಹೊಟ್ಟೆ ಉರಿ, ನಿಶ್ಶಕ್ತಿ ಎನ್ನುತ್ತಾರೆ. ಸಾಮಾನ್ಯ ವಿಭಾಗಕ್ಕೆ ಚೀಟಿ ಆಗುತ್ತದೆ, ಗ್ಯಾಸಿನ ಮಾತ್ರೆಯೋ ಗ್ಲೂಕೋಸೋ ಸಿಗುತ್ತದೆ, ಅಲ್ಲಿಗೆ ಮುಗಿಯಿತು. ಕಿಟಕಿಯಲ್ಲೇ "ಮಾನಸಿಕ ವಿಭಾಗಕ್ಕೆ ಚೀಟಿ ಕೊಡಿ" ಎನ್ನಿ. ಗಟ್ಟಿಯಾಗಿ ಹೇಳಲು ನಾಚಿಕೆಯಾದರೆ ಬರೆದು ತೋರಿಸಿ.

ಹಳೆಯ ಚೀಟಿಗಳು, ನುಂಗುತ್ತಿರುವ ಮಾತ್ರೆಯ ಖಾಲಿ ಹಾಳೆಗಳು, ಗುರುತಿನ ಚೀಟಿ ಇದ್ದರೆ ಒಯ್ಯಿರಿ. ಬಿಪಿಎಲ್ ಕಾರ್ಡ್ ಇಲ್ಲವೆಂದು ಹಿಂದೆ ಸರಿಯಬೇಡಿ. ಬಡತನದ ರೇಖೆಗಿಂತ ಕೆಳಗಿರುವವರಿಗೆ ಕಾರ್ಡ್ ಇರಲಿ ಇಲ್ಲದಿರಲಿ, ನಿರ್ಗತಿಕರಿಗೆ, ಸೂರಿಲ್ಲದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾನಸಿಕ ಚಿಕಿತ್ಸೆ ಉಚಿತ ಎಂದು ಅದೇ ಕಾಯ್ದೆಯ 18ನೇ ಕಲಂ ಹೇಳುತ್ತದೆ. ಊರೂರು ತಿರುಗುವ ಅಲೆಮಾರಿ ಕುಟುಂಬಗಳಿಗೆ ಈ ಮಾತು ಬಹಳ ಮುಖ್ಯ. ಜಾತಿ, ಧರ್ಮ, ಲಿಂಗ, ಲೈಂಗಿಕ ಒಲವು ನೋಡಿ ಭೇದ ಮಾಡುವಂತಿಲ್ಲ ಎಂದೂ ಅಲ್ಲೇ ಇದೆ.

ಭಾಷಾಂತರಕ್ಕೆ ಗಂಡನನ್ನೋ ಮಗುವನ್ನೋ ಕೂರಿಸಿಕೊಳ್ಳಬೇಡಿ. ಹೊಡೆಯುವವನೇ ಅನುವಾದಿಸಿದರೆ ಸತ್ಯ ಡಾಕ್ಟರಿಗೆ ಮುಟ್ಟುವುದಿಲ್ಲ, ಎಂಟು ವರ್ಷದ ಮಗು ತಾಯಿಯ ಸಾಯುವ ಮಾತನ್ನು ಹೊರಬಾರದು. ತಮಿಳು, ತೆಲುಗು, ಉರ್ದು ಬಲ್ಲ ನರ್ಸ್ ಈ ಜಿಲ್ಲೆಯ ಆಸ್ಪತ್ರೆಗಳಲ್ಲಿ ಸಿಗುತ್ತಾರೆ, ಕೇಳಿ. "ಡಾಕ್ಟರ ಹತ್ತಿರ ಒಬ್ಬಳೇ ಮಾತಾಡಬೇಕು" ಎಂದು ಹೇಳುವುದೂ ನಿಮ್ಮ ಹಕ್ಕು.

ಮಾತ್ರೆ ಬರೆದರೆ ಅಲ್ಲೇ ಕೇಳಿ: ಎಷ್ಟು ದಿನಕ್ಕೆ ಗುಣ ಕಾಣುತ್ತದೆ, ಎಷ್ಟು ತಿಂಗಳು ನುಂಗಬೇಕು, ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮುಂದಿನ ಮಾತ್ರೆ ಸಿಗುತ್ತದೆಯೇ? ಖಿನ್ನತೆಯ ಮಾತ್ರೆ ಕೆಲಸ ಮಾಡಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಆದರೆ ವಾಕರಿಕೆ, ಮಂಪರು ಮೊದಲ ವಾರವೇ ಬರುತ್ತದೆ. ಹೀಗೆ ತೊಂದರೆ ಮೊದಲು, ಗುಣ ಆಮೇಲೆ ಆದ್ದರಿಂದ ಜನ ಎಂಟೇ ದಿನಕ್ಕೆ ಬಿಟ್ಟುಬಿಡುತ್ತಾರೆ. ತೊಂದರೆ ಹೆಚ್ಚಾದರೆ ಡಾಕ್ಟರಿಗೆ ಹೇಳಿ ಬದಲಿಸಿಕೊಳ್ಳಿ. ಗುಣವಾಯಿತೆಂದು ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರಳಬಹುದು. ಸಾಯುವ ಯೋಚನೆ ಇದ್ದವರ ಮಾತ್ರೆ ಇನ್ನೊಬ್ಬರ ಕೈಯಲ್ಲಿರಲಿ. ದೇವಸ್ಥಾನಕ್ಕೋ ದರ್ಗಾಕ್ಕೋ ಹರಕೆ ಇದ್ದರೆ ಹೋಗಿಬನ್ನಿ, ಮಾತ್ರೆಯನ್ನು ಮಾತ್ರ ತಪ್ಪಿಸಬೇಡಿ.

ಗಾಯದ ಮೂಲ ಹೊರಗೇ ಇದ್ದಾಗ

ಜಾತಿನಿಂದನೆ, ಹಲ್ಲೆ, ಬಹಿಷ್ಕಾರ ಅನುಭವಿಸಿದವರಿಗೆ ನಿದ್ದೆ ಮಾತ್ರೆ ಕೊಟ್ಟು ಕಳಿಸಿದರೆ ಅರ್ಧ ಕೆಲಸವೂ ಆಗಲಿಲ್ಲ. ಚಿಕಿತ್ಸೆಯೂ ನ್ಯಾಯವೂ ಒಟ್ಟಿಗೆ ನಡೆಯಬೇಕು. ನಡೆದದ್ದನ್ನು, ದಿನಾಂಕ ಸಮೇತ, ಆಸ್ಪತ್ರೆಯ ದಾಖಲೆಯಲ್ಲಿ ಬರೆಸಿ. ದಾಖಲೆಯ ಪ್ರತಿ ಕೇಳುವ ಹಕ್ಕು 2017ರ ಕಾಯ್ದೆಯಲ್ಲಿದೆ. ದೌರ್ಜನ್ಯದ ದೂರಿಗೆ 14566 ಸಹಾಯವಾಣಿ ಇದೆ. 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣವನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ, ಸಂತ್ರಸ್ತರಿಗೆ ಪರಿಹಾರಧನವೂ ಇದೆ. ಉಚಿತ ವಕೀಲರಿಗೆ 15100. ಪರಿಶಿಷ್ಟ ಜಾತಿ, ಪಂಗಡದವರು, ಹೆಣ್ಣುಮಕ್ಕಳು, ಮಕ್ಕಳು, ಅಂಗವಿಕಲರು ವರಮಾನ ಎಷ್ಟೇ ಇದ್ದರೂ ಇದಕ್ಕೆ ಅರ್ಹರು.

ಮನೆಯಲ್ಲಿ ಹಿಂಸೆ ಇದ್ದರೆ 181, ಮಕ್ಕಳ ವಿಷಯಕ್ಕೆ 1098.

ಮಗ ಹೆಣ್ಣಿನಂತೆ ನಡೆಯುತ್ತಾನೆ, ಮಗಳು ಹುಡುಗಿಯನ್ನು ಇಷ್ಟಪಟ್ಟಿದ್ದಾಳೆ ಎಂದು "ಸರಿಮಾಡಿಸಲು" ಡಾಕ್ಟರ ಬಳಿ ಎಳೆದೊಯ್ಯುವುದು ಇಂದಿಗೂ ನಡೆಯುತ್ತಿದೆ. ಸಲಿಂಗ ಪ್ರೇಮ ಕಾಯಿಲೆಯಲ್ಲ, ಬದಲಿಸುವ ಚಿಕಿತ್ಸೆ ಎಂಬುದಿಲ್ಲ. ಅಂಥದ್ದನ್ನು ಮಾಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಸಮಾಜದ ರೂಢಿಗೆ ಹೊಂದದಿರುವುದನ್ನೇ ಆಧಾರ ಮಾಡಿಕೊಂಡು ಮಾನಸಿಕ ಕಾಯಿಲೆ ಎಂದು ತೀರ್ಮಾನಿಸಬಾರದು ಎಂದು 2017ರ ಕಾಯ್ದೆಯೂ ಹೇಳುತ್ತದೆ. ನಿಮ್ಮನ್ನೇ ಹೀಗೆ ಕರೆದೊಯ್ದರೆ ಏಕಾಂತದಲ್ಲಿ ಮಾತಾಡಲು ಅವಕಾಶ ಕೇಳಿ, "ನನ್ನ ತೊಂದರೆ ಮನೆಯವರ ಹಿಂಸೆ, ನನ್ನ ಒಲವಲ್ಲ" ಎಂದು ಸ್ಪಷ್ಟವಾಗಿ ಹೇಳಿ. ಹೇಳಿದ್ದನ್ನು ಗುಟ್ಟಾಗಿಡುವುದು ವೈದ್ಯರ ಹೊಣೆ.

ಕುಡಿತ ಬಿಡಿಸುವಾಗ ಒಂದು ಎಚ್ಚರಿಕೆ. ದಿನಾ ಹೆಚ್ಚು ಕುಡಿಯುವವರನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಕೈ ನಡುಗಿ, ಇಲ್ಲದ್ದು ಕಂಡು, ಜೀವಕ್ಕೇ ಕುತ್ತಾಗಬಹುದು. ಆಸ್ಪತ್ರೆಯಲ್ಲೇ ಬಿಡಿಸಿ. ಸಲಹೆಗೆ 14446. ಸರಪಳಿ ಹಾಕುವ, ಹೊಡೆಯುವ ಖಾಸಗಿ ಕೇಂದ್ರಕ್ಕೆ ಯಾರನ್ನೂ ಸೇರಿಸಬೇಡಿ. ರೋಗಿಗೆ ಸರಪಳಿ ಹಾಕುವುದನ್ನು 2017ರ ಕಾಯ್ದೆಯ 95ನೇ ಕಲಂ ನಿಷೇಧಿಸಿದೆ.

ಬಂಗಾರಪೇಟೆ ರೈಲು ನಿಲ್ದಾಣದಲ್ಲೋ ಬಸ್ ಸ್ಟ್ಯಾಂಡಿನಲ್ಲೋ ದಿಕ್ಕಿಲ್ಲದೆ ಅಲೆಯುವ ರೋಗಿ ಕಂಡರೆ 112ಕ್ಕೆ ತಿಳಿಸಿ. ಪೊಲೀಸರು ಅವರನ್ನು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ.

ಕಾಯಿಲೆ ವರ್ಷಗಟ್ಟಲೆ ಉಳಿದಿದ್ದರೆ

ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ, ಸವಲತ್ತುಗಳಿಗೆ ಸಾಮಾನ್ಯವಾಗಿ ಶೇ. 40 ಅಂಗವೈಕಲ್ಯ ಇರಬೇಕು. ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ, ಈ ನಾಲ್ಕನ್ನೂ ಎಷ್ಟು ದಿನದಿಂದ ಕಾಯಿಲೆ ಇದೆ ಎಂಬುದನ್ನೂ ನೋಡಿ ಅಂಕ ಕೊಡುತ್ತಾರೆ. ತಪಾಸಣೆಯ ದಿನ ರೋಗಿಯನ್ನು ಚೆನ್ನಾಗಿ ತಯಾರು ಮಾಡಿ ಕೂರಿಸಿ "ಚೆನ್ನಾಗಿದ್ದಾನೆ" ಎಂದು ಮನೆಯವರೇ ಹೇಳಿಬಿಟ್ಟರೆ ಅಂಕ ಕಡಿಮೆಯಾಗುತ್ತದೆ. ಸ್ನಾನಕ್ಕೆ ಯಾರು ಹೇಳಬೇಕು, ಎಷ್ಟು ದಿನದಿಂದ ಕೆಲಸಕ್ಕೆ ಹೋಗಿಲ್ಲ ಎಂಬುದನ್ನು ಇದ್ದದ್ದು ಇದ್ದಹಾಗೆ ಹೇಳಿ. ಹಳೆಯ ಓಪಿ ಚೀಟಿಗಳೇ ಇಲ್ಲಿ ಸಾಕ್ಷಿ. ಮೊದಲ ದಿನದಿಂದಲೇ ಒಂದೂ ಬಿಡದಂತೆ ಪ್ಲಾಸ್ಟಿಕ್ ಕವರಿನಲ್ಲಿ ಜೋಡಿಸಿಡಿ.