ಐದು ಮತ್ತು ಏಳು: ಬೇಸ್ ಗಿಟಾರ್ ಹಿಡಿದು ಪ್ರೋಗ್ರೆಸಿವ್ ಮೆಟಲ್ ಕಲಿತ ಬಗೆ

ಪ್ರೋಗ್ರೆಸಿವ್ ಮೆಟಲ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ಮೊದಲೆಲ್ಲ ನಾನು ಬ್ಯಾಂಡ್‌ಗಳ ಹೆಸರು ಹೇಳುತ್ತಿದ್ದೆ. ಡ್ರೀಮ್ ಥಿಯೇಟರ್, ಟೂಲ್, ಒಪೆತ್, ಮೆಶುಗಾ. ಅವರು ನಾಲ್ಕನ್ನೂ ಕೇಳಿ ಇನ್ನಷ್ಟು ಗೊಂದಲದಲ್ಲಿ ವಾಪಸ್ ಬರುತ್ತಿದ್ದರು. ಆಗದೆ ಏನು? 2001ರಲ್ಲಿ ಟೂಲ್‌ನ ಆಲ್ಬಮ್ ‘ಲ್ಯಾಟರಲಸ್’ ಬಂತು. ಅದೇ ವರ್ಷ ಒಪೆತ್‌ನ ‘ಬ್ಲ್ಯಾಕ್‌ವಾಟರ್ ಪಾರ್ಕ್’ ಬಂತು. ಮೊದಲನೆಯವರು ಲಾಸ್ ಏಂಜಲೀಸ್‌ನವರು, ಎರಡನೆಯವರು ಸ್ಟಾಕ್‌ಹೋಮ್‌ನವರು. ಒಂದರಲ್ಲಿ ಬೇಸ್ ಮತ್ತು ಡ್ರಮ್ಸ್ ಸುತ್ತಿ ಸುತ್ತಿ ಬಿಗಿಯಾಗುತ್ತಾ ಹೋಗುತ್ತವೆ. ಇನ್ನೊಂದರಲ್ಲಿ ಗಂಟಲು ಸೀಳುವಂಥ ಗರ್ಜನೆ ಮುಗಿದ ಬೆನ್ನಿಗೇ ಅಕೌಸ್ಟಿಕ್ ಗಿಟಾರ್ ಜೊತೆ ಮೆಲುದನಿಯ ಹಾಡು. ಎರಡಕ್ಕೂ ಒಂದೇ ಹೆಸರು. ನನಗೆ ಈ ಹೆಸರು ಅರ್ಥವಾದದ್ದು ಬೇಸ್ ಕೈಗೆ ಬಂದ ಮೇಲೆ.

ಕಾಲೇಜಿನ ಎರಡನೇ ವರ್ಷ ಅದು. ನಮ್ಮ ಬ್ಯಾಂಡ್‌ನಲ್ಲಿ ಗಿಟಾರ್‌ಗೆ ಇಬ್ಬರಿದ್ದರು, ಬೇಸ್‌ಗೆ ಯಾರೂ ಇರಲಿಲ್ಲ. ಹಳೆಯದೊಂದು ಬೇಸ್ ಕೊಂಡು ನಾನೇ ನಿಂತೆ. ಮೆಟಾಲಿಕಾ ಹಾಡುಗಳು ಒಂದೊಂದಾಗಿ ಕೈಗೆ ಹತ್ತಿದವು. ಆಮೇಲೆ ‘ಲ್ಯಾಟರಲಸ್’ನಲ್ಲಿರುವ ‘ಸ್ಕಿಜಮ್’ಗೆ ಕೈ ಹಾಕಿದೆ. ಅದು ಬೇಸ್‌ನ ಬೆನ್ನೇರಿ ನಡೆಯುವ ಹಾಡು. ದಪ್ಪ ತಂತಿಯನ್ನು ಡಿ ಸ್ವರಕ್ಕೆ ಇಳಿಸಿಕೊಂಡೆ. ಸ್ವರಗಳು ಎರಡೇ ದಿನಕ್ಕೆ ಬಂದವು. ಹಾಡು ಮಾತ್ರ ಬರಲಿಲ್ಲ. ಮೊದಲ ಸುತ್ತು ಸರಿ ಇರುತ್ತಿತ್ತು, ಎರಡನೇ ಸುತ್ತಿಗೆ ಜಾರುತ್ತಿತ್ತು.

ಪಕ್ಕದ ಕೋಣೆಯಲ್ಲಿ ಅಕ್ಕ ಇದ್ದಳು. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತವಳು. ಮೂರು ಸಂಜೆ ಅದೇ ತುಣುಕನ್ನು ಕೇಳಿ ಕೇಳಿ, ನಾಲ್ಕನೇ ಸಂಜೆ ಬಾಗಿಲಿಗೆ ಬಂದು ಕೈ ತಟ್ಟಿ ತೋರಿಸಿದಳು. “ಮೊದಲು ಖಂಡ, ಆಮೇಲೆ ಮಿಶ್ರ. ಐದು, ಏಳು. ನೀನು ಎರಡನ್ನೂ ಆರು ಮಾಡ್ತಿದ್ದೀಯ ಕಣೋ.”

ಅವಳು ಹೇಳಿದ್ದು ನೂರಕ್ಕೆ ನೂರು ನಿಜ. ಐದೂ ಏಳೂ ಸೇರಿದರೆ 12 ಮಾತ್ರೆ, ಅಂದರೆ 12 ಎಣಿಕೆ. ಎರಡು ಮಾತ್ರೆಗೆ ಒಂದರಂತೆ ಕಾಲು ತಟ್ಟಿದರೆ ಒಂದು ಸುತ್ತಿಗೆ ಆರು ತಟ್ಟು. ಲೆಕ್ಕ ಚೊಕ್ಕವಾಗಿ ಮುಗಿಯುತ್ತದೆ. ಅದಕ್ಕೇ ಕಾಲಿಗೆ ಏನೂ ತಪ್ಪು ಅನ್ನಿಸುವುದಿಲ್ಲ. ಆದರೆ ಏಳರ ಭಾಗ ಶುರುವಾಗುವುದು ಮೂರನೇ ತಟ್ಟಿಗೂ ನಾಲ್ಕನೇ ತಟ್ಟಿಗೂ ನಡುವಿನ ಸಂದಿಯಲ್ಲಿ. ನಾನು ಪ್ರತಿ ಸಲ ಅದನ್ನು ತಟ್ಟಿನ ಮೇಲೆ ಎಳೆದು ಕೂರಿಸುತ್ತಿದ್ದೆ.

ರಿಫ್, ಅಂದರೆ ಮತ್ತೆ ಮತ್ತೆ ಸುತ್ತಿ ಬರುವ ಆ ತುಣುಕನ್ನು, ಬಿಟ್ಟುಬಿಟ್ಟೆ. ಲಯ ತಟ್ಟುವ ಮೆಟ್ರೊನೋಮನ್ನು ನಿಮಿಷಕ್ಕೆ 60 ತಟ್ಟಿಗೆ ಇಟ್ಟು, ಖಾಲಿ ತಂತಿಯೊಂದನ್ನೇ ಮೀಟುತ್ತಾ, ಬಾಯಲ್ಲಿ “ತಕ ತಕಿಟ, ತಕಿಟ ತಕಧಿಮಿ” ಹೇಳುತ್ತಾ ಕೂತೆ. ಆಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಬೇಸ್‌ನಲ್ಲಿ ತೋರುಬೆರಳು, ನಡುಬೆರಳು ಒಂದಾದ ಮೇಲೊಂದು ಮೀಟುತ್ತವೆ. ನಾಲ್ಕು, ಎಂಟರ ಲೆಕ್ಕದಲ್ಲಿ ಯಾವಾಗಲೂ ತೋರುಬೆರಳೇ ಶುರು ಮಾಡುತ್ತದೆ. ಐದು ಮೀಟಿದರೆ ಬೆರಳು ಅದಲುಬದಲಾಗುತ್ತದೆ, ಏಳರ ಮೊದಲ ಮೀಟು ನಡುಬೆರಳಿನ ಪಾಲಿಗೆ ಬರುತ್ತದೆ. ಏಳು ಮುಗಿದಾಗ ಮತ್ತೆ ತೋರುಬೆರಳು. ಒತ್ತು ಕೊಟ್ಟು ಶುರು ಮಾಡುವುದು ನನ್ನ ನಡುಬೆರಳಿಗೆ ಗೊತ್ತೇ ಇರಲಿಲ್ಲ. ನಾನು ಜಾರುತ್ತಿದ್ದ ಜಾಗ ಅದೇ.

ಮೊದಲ ವಾರ ಸೊಲ್ಲು ಜೋರಾಗಿ ಹೇಳಿದೆ. ಎರಡನೇ ವಾರ ಸೊಲ್ಲು ಬಿಟ್ಟು ರಿಫ್‌ನ ಧಾಟಿಯನ್ನೇ ಗುನುಗಿದೆ. ಮೂರನೇ ವಾರದ ಒಂದು ಸಂಜೆ ಅಮ್ಮ ಊಟಕ್ಕೆ ಕರೆದರು. “ಬಂದೆ ಅಮ್ಮಾ” ಅಂದೆ. ಕೈ ನಿಲ್ಲಲಿಲ್ಲ, ಸುತ್ತು ಜಾರಲಿಲ್ಲ.

ಅವತ್ತು ರಾತ್ರಿ ಹಾಡನ್ನು ಮತ್ತೆ ಕೇಳಿದೆ. ಲೆಕ್ಕ ಹಿಂದೆ ಸರಿದು ಮಾತು ಕೇಳಿಸಿತು. ಸ್ಕಿಜಮ್ ಅಂದರೆ ಬಿರುಕು. ಒಬ್ಬರ ಮಾತು ಒಬ್ಬರಿಗೆ ತಲುಪದೆ ಒಡೆದುಹೋಗುವ ಸಂಬಂಧದ ಹಾಡು ಅದು. ಸಮ ಇಲ್ಲದ ಎರಡು ತುಂಡುಗಳು ಒಟ್ಟಿಗೆ ನಡೆಯಲು ಹೆಣಗುವುದು ಆ ರಿಫ್‌ನ ಒಳಗೇ ಇದೆ ಅಲ್ವಾ? ಆರು-ಆರು ಮಾಡಿ ನುಡಿಸಿದರೆ ಬಿರುಕೇ ಮುಚ್ಚಿಹೋಗುತ್ತದೆ, ಹಾಡು ಸುಳ್ಳಾಗುತ್ತದೆ.

ಆಗಿನಿಂದ ಯಾರು ಕೇಳಿದರೂ ಹೀಗೆ ಹೇಳುತ್ತೇನೆ: ಮೆಟಲ್‌ನ ತೂಕ ಬಿಡದೆ, ಹಾಡು ಹೇಳಬೇಕಾದ್ದಕ್ಕೆ ತಕ್ಕ ಹಾಗೆ ತಾಳ, ಉದ್ದ, ದನಿ ಎಲ್ಲವನ್ನೂ ಬದಲಿಸಿಕೊಳ್ಳುವ ಸಂಗೀತ ಪ್ರೋಗ್ರೆಸಿವ್ ಮೆಟಲ್. ಪಲ್ಲವಿ, ಚರಣ, ಮತ್ತೆ ಪಲ್ಲವಿ ಅನ್ನುವ ಅಚ್ಚು ಬೇಕಿದ್ದರೆ ಇರುತ್ತದೆ, ಬೇಡವಾದರೆ ಇಲ್ಲ. ತೂಕ ಬಂದದ್ದು ಬ್ಲ್ಯಾಕ್ ಸಬಾತ್‌ನಂಥವರಿಂದ. ಉದ್ದನೆಯ ಉಸಿರು ಬಂದದ್ದು 70ರ ದಶಕದ ಪ್ರೋಗ್ರೆಸಿವ್ ರಾಕ್‌ನಿಂದ. ಕೆನಡಾದ ರಶ್ 1976ರಲ್ಲಿ ‘2112’ ತಂದಾಗ ರೆಕಾರ್ಡಿನ ಒಂದು ಬದಿ ಪೂರ್ತಿ ಒಂದೇ ಹಾಡು, 20 ನಿಮಿಷದ್ದು. 80ರ ದಶಕದಲ್ಲಿ ಅಮೆರಿಕದ ಫೇಟ್ಸ್ ವಾರ್ನಿಂಗ್, ಕ್ವೀನ್ಸ್‌ರೈಕ್ ಇವೆರಡನ್ನೂ ಬೆಸೆದರು. 1985ರಲ್ಲಿ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನ ಮೂವರು ಹುಡುಗರು ಮೆಜೆಸ್ಟಿ ಅನ್ನುವ ಬ್ಯಾಂಡ್ ಕಟ್ಟಿದರು. ಅದೇ ಮುಂದೆ ಡ್ರೀಮ್ ಥಿಯೇಟರ್ ಆಯಿತು. ಅವರ 1992ರ ‘ಇಮೇಜಸ್ ಆ್ಯಂಡ್ ವರ್ಡ್ಸ್’ ಬಂದ ಮೇಲೆ ಈ ಹೆಸರು ಗಟ್ಟಿಯಾಗಿ ನಿಂತಿತು.

ಡ್ರೀಮ್ ಥಿಯೇಟರ್‌ದೇ ಒಂದು ಹಾಡಿದೆ, 1999ರ ‘ದ ಡ್ಯಾನ್ಸ್ ಆಫ್ ಎಟರ್ನಿಟಿ’. ಮಾತಿಲ್ಲ, ಬರೀ ವಾದ್ಯ. ಆರು ನಿಮಿಷದಲ್ಲಿ ತಾಳ ನೂರಕ್ಕೂ ಹೆಚ್ಚು ಸಲ ಬದಲಾಗುತ್ತದೆ. ಹೊಸಬರಿಗೆ ಎಲ್ಲರೂ ಮೊದಲು ಇದನ್ನೇ ಕೇಳಿಸುತ್ತಾರೆ. ನನಗೆ ಆ ಹಾಡಿನ ಮೇಲೆ ಪ್ರೀತಿ ಇದೆ, ಆದರೂ ಹಾಗೆ ಮಾಡಬಾರದು ಅಂತ ನನ್ನ ಬಲವಾದ ಅಭಿಪ್ರಾಯ. ಅದು ಒಂದು ದೊಡ್ಡ ಕಥೆಯ ನಡುವಿನ ತಿರುವು. ಇಡೀ ಆಲ್ಬಮ್‌ನಿಂದ ಕಿತ್ತು ಕೊಟ್ಟರೆ ಕೇಳುವವರಿಗೆ ಬರೀ ಕಸರತ್ತು ಕಾಣುತ್ತದೆ.

ನಮ್ಮದೇ ಹಾಡು ಕಟ್ಟುವಾಗ ದಾರಿ ತೋರಿಸಿದ್ದು ಸ್ವೀಡನ್ನಿನ ಮೆಶುಗಾ. ಅವರನ್ನು ಕೇಳಿದರೆ ನೆಲವೇ ಸರಿದಂತಾಗುತ್ತದೆ. ಆದರೆ ಡ್ರಮ್ಮರ್‌ನ ಬಲಗೈ ಗಮನಿಸಿ. ಸಿಂಬಲ್ ಮೇಲೆ ಅದು ಬಹುಪಾಲು ಸುಮ್ನೆ ನಾಲ್ಕು ಹೊಡೆಯುತ್ತಿರುತ್ತದೆ. ಗಿಟಾರ್, ಬೇಸ್, ಕಾಲಿನ ಡ್ರಮ್ ಸೇರಿ ಬೇರೆ ಅಳತೆಯ ರಿಫ್ ಸುತ್ತುತ್ತವೆ. ನಾವೂ ಏಳು ಮಾತ್ರೆಯ ಒಂದು ರಿಫ್ ಮಾಡಿದೆವು. ಸಿಂಬಲ್‌ನ ನಾಲ್ಕು ಹೊಡೆತದ ಒಂದು ಸುತ್ತು ಒಂದು ಬಾರ್, ಅದಕ್ಕೆ ಎಂಟು ಮಾತ್ರೆ; ನಾಲ್ಕು ಬಾರ್‌ಗೆ 32 ಮಾತ್ರೆ. ರಿಫ್ ನಾಲ್ಕು ಸಲ ಬಂದರೆ 28. ಉಳಿದ ನಾಲ್ಕಕ್ಕೆ ರಿಫ್‌ನ ತಲೆಯನ್ನಷ್ಟೇ ನುಡಿಸಿ ಕತ್ತರಿಸಿ, ಎಲ್ಲರೂ ಒಟ್ಟಿಗೆ ಸಮಕ್ಕೆ, ಅಂದರೆ ತಾಳ ಮತ್ತೆ ಶುರುವಾಗುವ ತಟ್ಟಿಗೆ, ಬಂದು ಬೀಳುವುದು. ಅಕ್ಕನಿಗೆ ವಿವರಿಸಬೇಕಾಗಲೇ ಇಲ್ಲ. ಕಚೇರಿಯಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದಲ್ಲಿ ಮೃದಂಗದವರು ಮುಕ್ತಾಯ ಹಾಕುವುದೂ ಇಂಥದೇ ಲೆಕ್ಕದಲ್ಲಿ. ಬೆಂಗಳೂರಿನ ಪ್ರಾಜೆಕ್ಟ್ ಮಿಶ್ರಮ್‌ನವರು ಕೊಳಲು, ಪಿಟೀಲು ಇಟ್ಟುಕೊಂಡು ಈ ಎರಡೂ ಲೋಕದ ನಡುವೆ ಓಡಾಡುವುದನ್ನು ಕೇಳಿದಾಗ ನನಗೆ ತುಂಬ ಖುಷಿಯಾದದ್ದು ಅದಕ್ಕೇ.

ಮೊದಲ ಸಲ ನಮ್ಮ ಆ ಹಾಡನ್ನು ವೇದಿಕೆಯಲ್ಲಿ ನುಡಿಸಿದ್ದು ಒಂದು ಕಾಲೇಜು ಹಬ್ಬದಲ್ಲಿ. ನುಡಿಸುವವರಿಗೆ ಕೇಳಿಸಲೆಂದು ಇಡುವ ಸ್ಪೀಕರ್, ನನ್ನ ಮುಂದಿನ ಮಾನಿಟರ್, ಕೈಕೊಟ್ಟಿತ್ತು, ನನ್ನ ಬೇಸ್ ನನಗೇ ಕೇಳಿಸುತ್ತಿರಲಿಲ್ಲ. ಎರಡನೇ ಸುತ್ತಿನಲ್ಲಿ ತಪ್ಪಿದೆ. ಎಣಿಸಲು ಹೋದೆ, ಎಣಿಸಿದಷ್ಟೂ ದೂರ ಹೋದೆ. ಕೊನೆಗೆ ಕೈ ಎತ್ತಿ ಡ್ರಮ್ಮರ್‌ನ ಬಲಗೈಯನ್ನೇ ನೋಡುತ್ತಾ ನಿಂತೆ. ನುಡಿಸದೆ ನಿಂತಾಗಲೇ ಮುಂದಿನ ಸಾಲು ಕಂಡಿತು. ಅವರಲ್ಲಿ ಯಾರೂ ಏಳು ಎಣಿಸುತ್ತಿರಲಿಲ್ಲ. ರಿಫ್ ಸಿಂಬಲ್‌ನಿಂದ ದೂರ ಸರಿದಂತೆಲ್ಲ ಅವರ ತಲೆಯಾಟ ನಿಧಾನವಾಯಿತು, ಮೈ ಮುಂದಕ್ಕೆ ಬಾಗಿತು. ನಾಲ್ಕನೇ ಬಾರ್ ಮುಗಿದು ಸಮ ಬಂತು, ಅಷ್ಟೂ ತಲೆ ಒಟ್ಟಿಗೆ ಕೆಳಗೆ ಬಿತ್ತು. ನಾನೂ ಅಲ್ಲೇ ಸೇರಿಕೊಂಡೆ. ಈ ಸಂಗೀತಕ್ಕೆ ಜನ ಯಾಕೆ ಸೋಲುತ್ತಾರೆ ಅನ್ನುವುದು ಅವತ್ತು ಕಣ್ಣಾರೆ ಕಂಡಿತು. ಅದು ಕಾಯಿಸುತ್ತದೆ. ಕಾದದ್ದಕ್ಕೆ ತಕ್ಕದ್ದನ್ನು ಕೊಡುತ್ತದೆ.

ಆಮೇಲೆ ಹಾಡಿನಲ್ಲಿ ಒಂದೇ ಒಂದು ಬದಲಾವಣೆ ಮಾಡಿದೆವು. ಕೊನೆಯ ಸುತ್ತಿನಲ್ಲಿ ಉಳಿಯುವ ಆ ನಾಲ್ಕು ಮಾತ್ರೆಯನ್ನು ಯಾರೂ ನುಡಿಸುವುದಿಲ್ಲ. ಸಿಂಬಲ್ ಕೂಡ ಇಲ್ಲ, ಪೂರ್ತಿ ಖಾಲಿ. ಅಕ್ಕ ಕೇಳಲು ಬಂದಿದ್ದ ದಿನ ಎರಡನೇ ಸಾಲಿನಲ್ಲಿ ಕೂತಿದ್ದಳು. ಆ ಖಾಲಿ ಬಂದಾಗ ಅವಳ ಕೈ ತೊಡೆಯ ಮೇಲೆ ನಾಲ್ಕು ಸಲ ಬಿತ್ತು. ಐದನೆಯದಕ್ಕೆ ನಾವೆಲ್ಲ ಒಟ್ಟಿಗೆ ತಂತಿ ಮೀಟಿದೆವು.